ಸಹಿಗೆ ಮುನ್ನ ಸಮ್ಮತಿ: ವೈದ್ಯಕೀಯ ಸಂಶೋಧನೆಯಲ್ಲಿ ಭಾಗಿಯಾಗುವವರು ತಿಳಿದಿರಬೇಕಾದ ಸಂಗತಿಗಳು

ಆಯುರ್ವೇದ ಮಹಾವಿದ್ಯಾಲಯಗಳ ಆಸ್ಪತ್ರೆಗಳಿಗೆ ಚಿಕಿತ್ಸೆಗಾಗಿ ಹೋಗುವ ಭಕ್ತಾದಿಗಳಲ್ಲಿ ಅನೇಕರಿಗೆ ಈ ಅನುಭವ ಆಗಿರುತ್ತದೆ. ಮಂಡಿನೋವನ್ನೋ ಮಧುಮೇಹವನ್ನೋ ತೋರಿಸಿಕೊಳ್ಳಲು ಹೊರರೋಗಿ ವಿಭಾಗದಲ್ಲಿ ಕುಳಿತಿರುವಾಗ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಬಂದು, ತಾವು ಒಂದು ಅಧ್ಯಯನ ನಡೆಸುತ್ತಿರುವುದಾಗಿಯೂ ಅದರಲ್ಲಿ ಸೇರಲು ಒಪ್ಪಿಗೆ ಬೇಕೆಂದೂ ಹೇಳಿ, ಎರಡು ಮೂರು ಪುಟಗಳ ಪತ್ರವೊಂದನ್ನು ಕೈಗಿಡುತ್ತಾರೆ. ಕೆಲವರು "ಡಾಕ್ಟರೇ, ತಾವು ಹೇಳಿದ ಮೇಲೆ ಓದುವುದೇನಿದೆ?" ಎಂದು ಕೂಡಲೇ ಸಹಿ ಮಾಡುತ್ತಾರೆ. ಮತ್ತೆ ಕೆಲವರು "ನಮ್ಮ ಮೇಲೆ ಪ್ರಯೋಗ ಮಾಡುತ್ತಾರಂತೆ" ಎಂದು ಅಂಜಿ ಆಸ್ಪತ್ರೆಯ ಕಡೆಗೆ ಮತ್ತೆ ತಲೆಹಾಕುವುದಿಲ್ಲ. ನಮ್ಮ ವೈದ್ಯವೃತ್ತಿಯ ಅವಧಿಯಲ್ಲಿ ಈ ಎರಡೂ ಬಗೆಯವರನ್ನು ನಾವು ಬಹಳಷ್ಟು ಕಂಡಿದ್ದೇವೆ. ಈ ಎರಡರಲ್ಲಿ ಯಾವುದೂ ಸರಿಯಾದ ಮಾರ್ಗವಲ್ಲ.

ಮನುಷ್ಯರು ಭಾಗಿಗಳಾಗದೆ ವೈದ್ಯಶಾಸ್ತ್ರ ಬೆಳೆಯಲಾರದು. ಇಂದು ನಾವು ಧೈರ್ಯದಿಂದ ಸೇವಿಸುವ ಪ್ರತಿಯೊಂದು ಮಾತ್ರೆಯ ಹಿಂದೆಯೂ, ಅದು ಗುಣಕಾರಿಯೋ ಅಲ್ಲವೋ ಎಂದು ತಿಳಿಯುವುದಕ್ಕೆ ಮುನ್ನವೇ ಅದನ್ನು ಸೇವಿಸಿದ ಜನರಿದ್ದಾರೆ. ಅವರ ಉಪಕಾರ ದೊಡ್ಡದು. ಆ ಉಪಕಾರವು ಅವರ ಅರಿವಿನಿಂದ, ಅವರ ಇಚ್ಛೆಯಿಂದ ಬಂದದ್ದಾಗಿರಬೇಕು. ಇದಕ್ಕಾಗಿಯೇ ಜಗತ್ತಿನಾದ್ಯಂತ ಸಂಶೋಧನಾ ನೀತಿಯ ನಿಯಮಗಳು ರೂಪುಗೊಂಡಿವೆ. ಆ ನಿಯಮಗಳು ಯಾವುವು, ಅವು ಏಕೆ ಬಂದವು, ಸಹಿ ಮಾಡುವ ಮುನ್ನ ಭಕ್ತಾದಿಗಳು ಏನನ್ನು ಕೇಳಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ

ಮೊದಲು ಈ ವ್ಯತ್ಯಾಸವನ್ನು ಮನಗಾಣಬೇಕು. ಚಿಕಿತ್ಸೆಯಲ್ಲಿ ವೈದ್ಯನ ಗಮನವೆಲ್ಲ ಎದುರಿಗಿರುವ ಒಬ್ಬ ರೋಗಿಯ ಮೇಲೆ ಇರುತ್ತದೆ. ಅವನ ಪ್ರಕೃತಿ, ವಯಸ್ಸು, ಅಗ್ನಿ, ಬಲಾಬಲಗಳನ್ನು ನೋಡಿ ಔಷಧವನ್ನು ಆರಿಸುತ್ತಾನೆ; ಗುಣ ಕಾಣದಿದ್ದರೆ ಬದಲಿಸುತ್ತಾನೆ. ಸಂಶೋಧನೆಯ ಉದ್ದೇಶ ಹೀಗಲ್ಲ. ಒಂದು ಪ್ರಶ್ನೆಗೆ ಉತ್ತರ ಕಂಡುಕೊಂಡು ಮುಂದಿನ ರೋಗಿಗಳಿಗೆ ಉಪಯೋಗವಾಗುವ ಜ್ಞಾನವನ್ನು ಗಳಿಸುವುದು ಅದರ ಉದ್ದೇಶ. ಎದುರಿಗಿರುವ ರೋಗಿಗೆ ಪ್ರಯೋಜನವಾಗಬಹುದು, ಆಗದೆಯೂ ಇರಬಹುದು.

ಒಂದು ನಿದರ್ಶನ ನೋಡೋಣ. ಸಂಧಿವಾತದ ಮಂಡಿನೋವಿಗೆ ಜಾನುಬಸ್ತಿ ಹೆಚ್ಚು ಗುಣಕಾರಿಯೋ, ಲೇಪ ಹೆಚ್ಚು ಗುಣಕಾರಿಯೋ ಎಂದು ತಿಳಿಯಬೇಕಾಗಿದೆ ಎನ್ನಿ. ಒಪ್ಪಿದ ನಲವತ್ತು ಮಂದಿಯನ್ನು ಎರಡು ಗುಂಪುಗಳಾಗಿ ವಿಭಾಗಿಸುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ; ವೈದ್ಯನಾಗಲಿ ರೋಗಿಯಾಗಲಿ ಆರಿಸುವಂತಿಲ್ಲ. ಆರಿಸಲು ಬಿಟ್ಟರೆ, ನೋವು ಕಡಿಮೆ ಇರುವವರೆಲ್ಲ ಒಂದೇ ಕಡೆ ಸೇರಿ ಫಲಿತಾಂಶ ತಪ್ಪಾಗಬಹುದು. ಕೆಲವು ಪ್ರಯೋಗಗಳಲ್ಲಿ ಒಂದು ಗುಂಪಿಗೆ ಔಷಧಾಂಶವಿಲ್ಲದ, ನೋಡಲು ಅದೇ ರೀತಿ ಇರುವ ಮಾತ್ರೆಯನ್ನು ಕೊಡುವುದೂ ಉಂಟು. ಇದನ್ನು ಪ್ಲಾಸಿಬೊ ಎನ್ನುತ್ತಾರೆ. ಯಾರಿಗೆ ಯಾವುದು ಎಂಬುದು ಕೊನೆಯವರೆಗೆ ರೋಗಿಗೂ ವೈದ್ಯನಿಗೂ ತಿಳಿಯದಂತೆ ಮುಚ್ಚಿಡುವುದೂ ಉಂಟು. ಇವೆಲ್ಲ ಶಾಸ್ತ್ರಸಮ್ಮತವಾದ ವಿಧಾನಗಳೇ. ಆದರೆ ಸೇರುವವರಿಗೆ ಇದನ್ನು ಮೊದಲೇ ತಿಳಿಸಿರಬೇಕು. "ನನಗೆ ಒಳ್ಳೆಯದನ್ನೇ ಆರಿಸಿ ಕೊಡುತ್ತಿದ್ದಾರೆ" ಎಂದು ನಂಬಿಕೊಂಡು ಸೇರಿದವನಿಗೆ ಈ ವಿಷಯ ಗೊತ್ತಿಲ್ಲದಿದ್ದರೆ ಅವನ ಸಹಿಗೆ ಬೆಲೆಯಿಲ್ಲ.

ಟಸ್ಕಿಗೀಯ ನಲವತ್ತು ವರ್ಷಗಳು

ಈ ನಿಯಮಗಳು ಏಕೆ ಬೇಕಾದವು ಎಂಬುದನ್ನು ತಿಳಿಯಲು ಅಮೆರಿಕೆಯ ಒಂದು ಕಹಿ ಅಧ್ಯಾಯವನ್ನು ನೋಡಬೇಕು. ಅಲ್ಲಿನ ಅಲಬಾಮಾ ರಾಜ್ಯದ ಮೇಕನ್ ಕೌಂಟಿಯಲ್ಲಿ 1932ರಲ್ಲಿ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯು ಒಂದು ಅಧ್ಯಯನವನ್ನು ಆರಂಭಿಸಿತು. ನಮ್ಮ ಭಾವಪ್ರಕಾಶದಲ್ಲಿ ಫಿರಂಗ ರೋಗವೆಂದು ವರ್ಣಿತವಾಗಿರುವ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ ಬಿಟ್ಟರೆ ಅದು ದೇಹದಲ್ಲಿ ಹೇಗೆ ಮುಂದುವರಿಯುತ್ತದೆ ಎಂದು ನೋಡುವುದು ಅದರ ಗುರಿಯಾಗಿತ್ತು. ಆರಿಸಿಕೊಂಡವರು ಸುಮಾರು 600 ಮಂದಿ ಕಪ್ಪುವರ್ಣೀಯ ಪುರುಷರು. ಅವರಲ್ಲಿ 399 ಮಂದಿಗೆ ರೋಗವಿತ್ತು, 201 ಮಂದಿಗೆ ಇರಲಿಲ್ಲ. ಹೆಚ್ಚಿನವರು ಇತರರ ಹೊಲವನ್ನು ಪಾಲಿಗೆ ಮಾಡುವ ಬಡ ರೈತರು. ವೈದ್ಯರ ಮುಖವನ್ನೇ ಅಪರೂಪಕ್ಕೆ ಕಾಣುತ್ತಿದ್ದವರು.

ಅವರಿಗೆ ರೋಗದ ಹೆಸರನ್ನು ಹೇಳಲಿಲ್ಲ. ಆ ಸೀಮೆಯಲ್ಲಿ ನಾನಾ ಬಗೆಯ ಅಸ್ವಸ್ಥತೆಗಳಿಗೆ ಬಳಸುತ್ತಿದ್ದ "ಕೆಟ್ಟ ರಕ್ತ" ಎಂಬ ಮಾತನ್ನೇ ಹೇಳಿ, ಅದಕ್ಕೆ ಚಿಕಿತ್ಸೆ ನಡೆಯುತ್ತಿದೆಯೆಂದು ನಂಬಿಸಿದರು. ಬೆನ್ನುಹುರಿಯಿಂದ ದ್ರವ ತೆಗೆಯುವ ನೋವಿನ ಪರೀಕ್ಷೆಯನ್ನು "ವಿಶೇಷ ಉಚಿತ ಚಿಕಿತ್ಸೆ" ಎಂದು ಕರೆದರು. ಪ್ರತಿಫಲವಾಗಿ ಸಿಕ್ಕಿದ್ದು ಉಚಿತ ತಪಾಸಣೆ, ಆಸ್ಪತ್ರೆಗೆ ಹೋಗಿಬರಲು ವಾಹನ, ತಪಾಸಣೆಯ ದಿನ ಊಟ. ಸತ್ತ ಮೇಲೆ ದೇಹವನ್ನು ಕೊಯ್ದು ಪರೀಕ್ಷಿಸಲು ಮನೆಯವರು ಒಪ್ಪಿದರೆ ಶವಸಂಸ್ಕಾರದ ಖರ್ಚು. 1940ರ ದಶಕದ ಕೊನೆಯ ವೇಳೆಗೆ ಪೆನಿಸಿಲಿನ್ ಈ ರೋಗಕ್ಕೆ ಸಿದ್ಧೌಷಧವೆಂದು ಸ್ಥಿರಪಟ್ಟು ಎಲ್ಲೆಡೆ ಸಿಗತೊಡಗಿತು. ಆಗಲೂ ಇವರಿಗೆ ಅದನ್ನು ಕೊಡಲಿಲ್ಲ. ಬೇರೆಡೆ ಚಿಕಿತ್ಸೆ ದೊರೆತು ಅಧ್ಯಯನ ಕೆಡದಿರಲೆಂದು ಆ ಪ್ರದೇಶದ ವೈದ್ಯರಿಗೆ ಇವರ ಹೆಸರುಗಳ ಪಟ್ಟಿಯನ್ನು ಕೊಡಲಾಗಿತ್ತು. ರೋಗವು ಅನೇಕರ ಪತ್ನಿಯರಿಗೆ ಅಂಟಿತು. ಕೆಲವರ ಮಕ್ಕಳು ಹುಟ್ಟುವಾಗಲೇ ಅದನ್ನು ಹೊತ್ತು ಬಂದರು.

ಇದೆಲ್ಲ ಗುಟ್ಟಾಗಿ ನಡೆದುದಲ್ಲ ಎಂಬುದು ಹೆಚ್ಚು ಕಳವಳದ ಸಂಗತಿ. ಅಧ್ಯಯನದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಕಾಲಕಾಲಕ್ಕೆ ಪ್ರಕಟವಾಗುತ್ತಲೇ ಇದ್ದವು. ಸಾರ್ವಜನಿಕ ಆರೋಗ್ಯ ಸೇವೆಯಲ್ಲೇ ನೌಕರನಾಗಿದ್ದ ಪೀಟರ್ ಬಕ್ಸ್‌ಟನ್ ಎಂಬ ಯುವಕ 1966ರಲ್ಲಿ ಮೇಲಧಿಕಾರಿಗಳಿಗೆ ಆಕ್ಷೇಪಣೆ ಸಲ್ಲಿಸಿದ. 1969ರಲ್ಲಿ ತಜ್ಞರ ಸಭೆ ಸೇರಿ ಅಧ್ಯಯನವನ್ನು ಮುಂದುವರಿಸುವುದೇ ಸರಿಯೆಂದು ತೀರ್ಮಾನಿಸಿತು. ಕೊನೆಗೆ ಆತ ಪತ್ರಿಕೆಯವರಿಗೆ ವಿಷಯ ತಿಳಿಸಿದ. 1972ರ ಜುಲೈ ತಿಂಗಳಲ್ಲಿ ಜೀನ್ ಹೆಲ್ಲರ್ ಎಂಬ ಪತ್ರಕರ್ತೆಯ ವರದಿ ಪ್ರಕಟವಾದ ಮೇಲೆಯೇ ಅಧ್ಯಯನ ನಿಂತಿತು. 1974ರಲ್ಲಿ ಸಂತ್ರಸ್ತರಿಗೂ ಅವರ ಕುಟುಂಬದವರಿಗೂ ಒಂದು ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಂದವಾಯಿತು. ಅಧ್ಯಕ್ಷ ಕ್ಲಿಂಟನ್ ಅವರು ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರ ಮೇ 16ರಂದು. ಆ ವೇಳೆಗೆ ಬದುಕುಳಿದಿದ್ದವರು ಎಂಟೇ ಮಂದಿ.

ಆ ಅಧ್ಯಯನದಲ್ಲಿದ್ದ ವೈದ್ಯರು ಕ್ರೂರಿಗಳಾಗಿದ್ದರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವರಲ್ಲಿ ಹೆಚ್ಚಿನವರು ವಿಜ್ಞಾನಕ್ಕೆ ಸೇವೆ ಸಲ್ಲಿಸುತ್ತಿದ್ದೇವೆಂದೇ ನಂಬಿದ್ದರು. ಆದುದರಿಂದಲೇ, ವೈದ್ಯನ ಒಳ್ಳೆಯತನವೊಂದನ್ನೇ ನಂಬಿದರೆ ಸಾಲದು, ಹೊರಗಿನವರ ಕಣ್ಣೂ ಬೇಕು ಎಂಬ ಪಾಠವನ್ನು ಜಗತ್ತು ಕಲಿಯಿತು.

ನಿಯಮಗಳು ರೂಪುಗೊಂಡ ಬಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ನಾಜಿ ವೈದ್ಯರು ಸೆರೆಶಿಬಿರಗಳ ಕೈದಿಗಳ ಮೇಲೆ ಘೋರ ಪ್ರಯೋಗಗಳನ್ನು ನಡೆಸಿದ್ದರು. ನ್ಯೂರೆಂಬರ್ಗ್ ನಗರದಲ್ಲಿ ನಡೆದ ವಿಚಾರಣೆಯ ತೀರ್ಪು 1947ರಲ್ಲಿ ಹೊರಬಿದ್ದಾಗ ಅದರೊಂದಿಗೆ ಹತ್ತು ಸೂತ್ರಗಳೂ ಬಂದವು. ಅವುಗಳಲ್ಲಿ ಮೊದಲನೆಯದು ಭಾಗಿಯ ಸ್ವಇಚ್ಛೆಯ ಸಮ್ಮತಿ. 1964ರಲ್ಲಿ ವಿಶ್ವ ವೈದ್ಯಕೀಯ ಸಂಘವು ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ವೈದ್ಯರಿಗಾಗಿ ಘೋಷಣೆಯೊಂದನ್ನು ಅಂಗೀಕರಿಸಿತು. ಟಸ್ಕಿಗೀಯ ಅಧ್ಯಯನ ಈ ಎರಡರ ನಂತರವೂ ನಡೆದಿತ್ತು ಎಂಬುದನ್ನು ಗಮನಿಸಬೇಕು. ನಿಯಮ ಬರೆದಿಟ್ಟ ಮಾತ್ರಕ್ಕೆ ಪಾಲನೆಯಾಗುವುದಿಲ್ಲ. ಹೆಲ್ಸಿಂಕಿ ಘೋಷಣೆ ಅನೇಕ ಬಾರಿ ಪರಿಷ್ಕಾರಗೊಂಡಿದ್ದು, 2024ರ ಅಕ್ಟೋಬರ್‌ನ ಪರಿಷ್ಕರಣದಲ್ಲಿ ಸಂಶೋಧನೆಗೆ "ಒಳಗಾಗುವವರು" ಎಂಬರ್ಥದ ಹಳೆಯ ಪದವನ್ನು ಬಿಟ್ಟು "ಭಾಗಿಗಳು" ಎಂಬರ್ಥದ ಪದವನ್ನು ಬಳಸಲಾಗಿದೆ.

ಟಸ್ಕಿಗೀಯ ಪರಿಣಾಮವಾಗಿ ಅಮೆರಿಕೆಯಲ್ಲಿ ನೇಮಕಗೊಂಡ ಆಯೋಗದ ಬೆಲ್ಮಾಂಟ್ ವರದಿಯು 1979ರಲ್ಲಿ ಪ್ರಕಟವಾಯಿತು. ಅದು ಮೂರು ತತ್ತ್ವಗಳನ್ನು ಮುಂದಿಟ್ಟಿತು.

ಮೊದಲನೆಯದು ವ್ಯಕ್ತಿಗೌರವ. ಪ್ರತಿಯೊಬ್ಬರಿಗೂ ತಮ್ಮ ದೇಹದ ಬಗ್ಗೆ ತಾವೇ ನಿರ್ಧರಿಸುವ ಅಧಿಕಾರವಿದೆ. ಮಕ್ಕಳು, ಬುದ್ಧಿಮಾಂದ್ಯರು, ಪ್ರಜ್ಞೆಯಿಲ್ಲದವರು ಮುಂತಾಗಿ ಸ್ವತಃ ನಿರ್ಧರಿಸಲಾರದವರಿಗೆ ಹೆಚ್ಚಿನ ರಕ್ಷಣೆ ಕೊಡಬೇಕು.

ಎರಡನೆಯದು ಹಿತಸಾಧನೆ. ಭಾಗಿಗೆ ಕೇಡಾಗದಂತೆ ನೋಡಿಕೊಳ್ಳಬೇಕು. ಅಪಾಯವನ್ನು ಆದಷ್ಟು ತಗ್ಗಿಸಬೇಕು. ಉಳಿಯುವ ಅಪಾಯವು ದೊರೆಯಬಹುದಾದ ಪ್ರಯೋಜನಕ್ಕೆ ತಕ್ಕಷ್ಟೇ ಇರಬೇಕು.

ಮೂರನೆಯದು ನ್ಯಾಯ. ಪ್ರಯೋಗದ ಭಾರವನ್ನು ಬಡವರು ಹೊತ್ತು, ಫಲವನ್ನು ಉಳ್ಳವರು ಉಣ್ಣುವಂತಾಗಬಾರದು. ಸುಲಭವಾಗಿ ಸಿಗುತ್ತಾರೆ, ಎದುರು ಮಾತನಾಡುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆರಿಸಿಕೊಳ್ಳಬಾರದು.

ನಮ್ಮ ದೇಶದಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1980ರಲ್ಲಿಯೇ ಈ ಬಗ್ಗೆ ನೀತಿಯನ್ನು ಪ್ರಕಟಿಸಿತು. 2000 ಹಾಗೂ 2006ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿ, 2017ರಲ್ಲಿ ಅವುಗಳನ್ನು ವಿಸ್ತಾರವಾಗಿ ಪರಿಷ್ಕರಿಸಿತು. ಹಾಗಿದ್ದರೂ ನಡುವೆ ನಡೆದ ಒಂದು ಪ್ರಸಂಗವು ಎಲ್ಲರ ಕಣ್ಣು ತೆರೆಸಿತು.

2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನವೊಂದು ನಡೆಯಿತು. 10ರಿಂದ 14 ವರ್ಷದ ಸಾವಿರಾರು ಬಾಲಕಿಯರಿಗೆ ಲಸಿಕೆ ಹಾಕಲಾಯಿತು. ಖಮ್ಮಂನಲ್ಲಿ ಅವರಲ್ಲಿ ಅನೇಕರು ಬುಡಕಟ್ಟು ಜನರ ಮಕ್ಕಳು, ವಸತಿಶಾಲೆಗಳಲ್ಲಿ ಇದ್ದವರು. ತಂದೆತಾಯಿಯರು ದೂರದ ಹಳ್ಳಿಗಳಲ್ಲಿದ್ದುದರಿಂದ ಎಷ್ಟೋ ಸಮ್ಮತಿ ಪತ್ರಗಳಿಗೆ ಹಾಸ್ಟೆಲ್ ವಾರ್ಡನ್ನರು, ಮುಖ್ಯೋಪಾಧ್ಯಾಯರು ಸಹಿ ಮಾಡಿದ್ದರು. ಅಧ್ಯಯನದ ಅವಧಿಯಲ್ಲಿ ಏಳು ಬಾಲಕಿಯರು ತೀರಿಕೊಂಡ ಮೇಲೆ, 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಸಮ್ಮತಿ ಪಡೆದ ರೀತಿಯಲ್ಲಿ ದೊಡ್ಡ ಲೋಪಗಳಿರುವುದು ಸ್ಪಷ್ಟವಾಯಿತು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯು ಕಟುವಾದ ವರದಿಯನ್ನು ಸಲ್ಲಿಸಿತು. ಈ ಲಸಿಕೆ ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ಬಗ್ಗೆ ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಒಳ್ಳೆಯ ಔಷಧವನ್ನು ಕೂಡ ತಪ್ಪು ದಾರಿಯಿಂದ ಪರೀಕ್ಷಿಸಿದರೆ ಜನರು ಔಷಧದ ಮೇಲೂ ವೈದ್ಯರ ಮೇಲೂ ನಂಬಿಕೆ ಕಳೆದುಕೊಳ್ಳುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಇದೇ ಅವಧಿಯಲ್ಲಿ ಔಷಧ ಪ್ರಯೋಗಗಳ ಅಕ್ರಮಗಳ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ವಿಚಾರಣೆಗೆ ಬಂತು. ಅದರ ಫಲವಾಗಿ 2013ರಿಂದ ನಿಯಮಗಳು ಬಿಗಿಯಾದವು. ಹೊಚ್ಚ ಹೊಸ ಔಷಧಾಂಶಗಳ ಪ್ರಯೋಗದಲ್ಲಿ ದುರ್ಬಲ ವರ್ಗದವರಿಂದ ಸಮ್ಮತಿ ಪಡೆಯುವ ಪ್ರಕ್ರಿಯೆಯನ್ನು ಧ್ವನಿ ಮತ್ತು ದೃಶ್ಯ ಮುದ್ರಣ ಮಾಡಿಡಬೇಕಾಗಿದೆ. 2019ರ ಮಾರ್ಚ್‌ನಲ್ಲಿ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಜಾರಿಗೆ ಬಂದವು. ಈ ನಿಯಮಗಳಿಗೆ ಒಳಪಡುವ ಪ್ರಯೋಗದಲ್ಲಿ ಭಾಗಿಗೆ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಪ್ರಯೋಗದಿಂದಲೇ ಹಾನಿ ಅಥವಾ ಮರಣ ಸಂಭವಿಸಿದರೆ ಪರಿಹಾರ ಕೊಡಬೇಕು. ಸಮ್ಮತಿ ಪತ್ರದಲ್ಲಿ ಉದ್ಯೋಗ, ವಾರ್ಷಿಕ ಆದಾಯ, ನಾಮನಿರ್ದೇಶಿತರ ಹೆಸರು ಕೇಳಿರುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಆ ವಿವರಗಳನ್ನು ಕೇಳುವುದು ಪರಿಹಾರದ ಲೆಕ್ಕಕ್ಕಾಗಿಯೇ.

ನೈತಿಕ ಸಮಿತಿ: ಹೊರಗಿನವರ ಕಣ್ಣು

ಮನುಷ್ಯರನ್ನು ಒಳಗೊಂಡ ಯಾವುದೇ ವೈದ್ಯಕೀಯ ಸಂಶೋಧನೆಯನ್ನು ಆರಂಭಿಸುವ ಮುನ್ನ ನೈತಿಕ ಸಮಿತಿಯ ಒಪ್ಪಿಗೆ ಬೇಕು. 2019ರ ನಿಯಮಗಳ ಪ್ರಕಾರ ಈ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಒಬ್ಬರು ಸಾಮಾನ್ಯ ನಾಗರಿಕರು, ಒಬ್ಬರು ಮಹಿಳೆ, ಒಬ್ಬರು ಕಾನೂನು ಬಲ್ಲವರು. ಮತ್ತೊಬ್ಬರು ಸಮಾಜವಿಜ್ಞಾನಿ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ, ತತ್ತ್ವಶಾಸ್ತ್ರಜ್ಞ ಅಥವಾ ಧರ್ಮಶಾಸ್ತ್ರಜ್ಞ ಮುಂತಾದವರಲ್ಲಿ ಒಬ್ಬರು. ಅರ್ಧದಷ್ಟು ಸದಸ್ಯರಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು. ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು.

ಸಾಮಾನ್ಯ ನಾಗರಿಕರಿಗೆ ಅಲ್ಲಿ ಸ್ಥಾನವೇಕೆ ಎಂದು ಕೆಲವರು ಕೇಳುತ್ತಾರೆ. ಸಮ್ಮತಿ ಪತ್ರದ ಭಾಷೆ ಹಳ್ಳಿಯ ಅಜ್ಜಿಗೆ ಅರ್ಥವಾಗುತ್ತದೆಯೇ ಎಂಬುದನ್ನು ಹೇಳಬಲ್ಲವರು ಅವರೇ. ನಮ್ಮ ವೈದ್ಯರಿಗೆ "ವಿರೇಚನ ಕರ್ಮ", "ರಕ್ತದ ಲಿಪಿಡ್ ಪ್ರಮಾಣ" ಎಂಬ ಮಾತುಗಳು ನಿತ್ಯದ ಬಳಕೆಯಾದುದರಿಂದ ಅವು ಕಠಿಣವೆಂದು ತೋರುವುದೇ ಇಲ್ಲ. "ದಿನಕ್ಕೆ ಹತ್ತು ಹದಿನೈದು ಸಲ ಭೇದಿಯಾಗಬಹುದು, ಸುಸ್ತಾಗಬಹುದು ಎಂದು ನೇರವಾಗಿ ಬರೆಯಿರಿ" ಎಂದು ಹೇಳಲು ಹೊರಗಿನವರೊಬ್ಬರು ಬೇಕು. ಭಕ್ತಾದಿಗಳಲ್ಲಿ ಯಾರಿಗಾದರೂ ಇಂತಹ ಸಮಿತಿಯ ಸದಸ್ಯತ್ವಕ್ಕೆ ಆಹ್ವಾನ ಬಂದರೆ ಸಂಕೋಚಪಡದೆ ಒಪ್ಪಿಕೊಳ್ಳಬೇಕೆಂದೂ, ಅರ್ಥವಾಗದುದನ್ನು ಅರ್ಥವಾಗಲಿಲ್ಲವೆಂದು ಅಲ್ಲಿ ಹೇಳಬೇಕೆಂದೂ ನಾವು ಕೋರುತ್ತೇವೆ.

ಆಯುರ್ವೇದಕ್ಕೂ ಇದು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಆಯುಷ್ ಇಲಾಖೆಯು 2013ರಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಪ್ರಯೋಗಗಳಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿಯನ್ನು ಪ್ರಕಟಿಸಿದೆ. "ನಮ್ಮದು ಸಾವಿರಾರು ವರ್ಷಗಳಿಂದ ಬಳಕೆಯಲ್ಲಿರುವ ಮೂಲಿಕೆ, ಇದರಿಂದ ಅಪಾಯವಿಲ್ಲ, ಸಮ್ಮತಿಯೇಕೆ?" ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಭಲ್ಲಾತಕವನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದರೆ ಮೈಮೇಲೆ ಬೊಕ್ಕೆಗಳೇಳುತ್ತವೆ ಎಂಬುದು ಪ್ರತಿಯೊಬ್ಬ ವೈದ್ಯನಿಗೂ ಗೊತ್ತು. ವಯಸ್ಸಾದವರಲ್ಲಿ ವಿರೇಚನದಿಂದ ದೇಹದ ನೀರಿನಂಶ ಕುಗ್ಗಬಹುದು. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಅಧ್ಯಯನದ ಫಲಿತಾಂಶ ಬೆರಕೆಯಾಗದಿರಲೆಂದು ರೋಗಿಯು ಈಗಾಗಲೇ ಸೇವಿಸುತ್ತಿರುವ ಮಧುಮೇಹದ ಅಥವಾ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಲು ಹೇಳುವುದು. ಹೀಗೆ ನಿಲ್ಲಿಸಬೇಕಾಗಿ ಬಂದರೆ ಅದನ್ನು ಸ್ಪಷ್ಟವಾಗಿ ತಿಳಿಸಿ, ಎಷ್ಟು ದಿನಕ್ಕೊಮ್ಮೆ ತಪಾಸಣೆ ನಡೆಯುತ್ತದೆ, ಪ್ರಮಾಣ ಏರಿದರೆ ಏನು ಮಾಡುತ್ತಾರೆ ಎಂಬುದನ್ನು ಪತ್ರದಲ್ಲಿ ಬರೆದಿರಬೇಕು.

ರೋಗಿಗೆ ತಿಳಿಸಿ ಮುಂದುವರಿಯುವ ವಿವೇಕ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಸುಶ್ರುತರು ಮೂತ್ರಾಶ್ಮರಿಯ ಶಸ್ತ್ರಕರ್ಮವನ್ನು ವಿವರಿಸುವಾಗ, ಕೊಯ್ಯದಿದ್ದರೆ ಸಾವು ನಿಶ್ಚಿತವಾಗಿಯೂ ಕೊಯ್ದರೆ ಫಲ ಸಂಶಯವಾಗಿಯೂ ಇರುವ ಸ್ಥಿತಿಯಲ್ಲಿ ಒಡೆಯನಿಗೆ ತಿಳಿಸಿ ಅಪ್ಪಣೆ ಪಡೆದು ಮುಂದುವರಿಯಬೇಕೆಂಬ ಅಭಿಪ್ರಾಯವನ್ನು ಹೇಳಿದ್ದಾರೆ. ರೋಗಿಯ ಮನೆಯ ವಿಷಯಗಳನ್ನು ಹೊರಗೆ ಆಡಬಾರದೆಂದು ಚರಕ ಸಂಹಿತೆಯು ಶಿಷ್ಯನಿಗೆ ವಿಧಿಸುತ್ತದೆ. ಆದಾಗ್ಯೂ ಒಂದು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಅಂದು ಅಪ್ಪಣೆ ಕೊಡುತ್ತಿದ್ದವನು ಒಡೆಯ. ಇಂದು ಸಮ್ಮತಿ ಕೊಡಬೇಕಾದವನು ಸ್ವತಃ ರೋಗಿ. ಈ ವಿಷಯದಲ್ಲಿ ಕಾಲವು ನಮ್ಮನ್ನು ಮುಂದಕ್ಕೆ ಕರೆದೊಯ್ದಿದೆ.

ಭಕ್ತಿಯೂ ಸಮ್ಮತಿಯೂ

ಈಗ ಈ ಪತ್ರಿಕೆಯ ಓದುಗರಿಗೆ ವಿಶೇಷವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ. ನಮ್ಮ ನಾಡಿನ ಮಠಗಳು ವೈದ್ಯಕೀಯ ಮಹಾವಿದ್ಯಾಲಯಗಳನ್ನೂ ಆಸ್ಪತ್ರೆಗಳನ್ನೂ ಉಚಿತ ಪ್ರಸಾದನಿಲಯಗಳನ್ನೂ ನಡೆಸಿಕೊಂಡು ಬಂದಿವೆ. ಅಲ್ಲಿಗೆ ಬರುವ ಜನರಿಗೆ ಸಂಸ್ಥೆಯ ಮೇಲೆ ಅಪಾರವಾದ ಗೌರವವಿರುತ್ತದೆ. "ಮಠದ ಆಸ್ಪತ್ರೆಯವರು ಕೇಳಿದಾಗ ಇಲ್ಲವೆನ್ನುವುದು ಹೇಗೆ?" ಎಂಬ ಸಂಕೋಚ ಸಹಜ. ಆದರೆ ಸಂಶೋಧನಾ ನೀತಿಯ ದೃಷ್ಟಿಯಲ್ಲಿ ಈ ಸಂಕೋಚವೂ ಒಂದು ಬಗೆಯ ಒತ್ತಡವೇ. ಹಣದ ಆಸೆಯಿಂದ ಒಪ್ಪಿದರೆ ಹೇಗೆ ಸಮ್ಮತಿ ಮಲಿನವಾಗುತ್ತದೆಯೋ, ಇಲ್ಲವೆನ್ನಲಾರದೆ ಒಪ್ಪಿದರೂ ಹಾಗೆಯೇ ಆಗುತ್ತದೆ.

ಪೂಜ್ಯರು ಅಥವಾ ಊರಿನ ಹಿರಿಯರು ಒಂದು ಅಧ್ಯಯನಕ್ಕೆ ಅನುಮತಿ ಕೊಟ್ಟಿರಬಹುದು. ಸಂಶೋಧನಾ ಪರಿಷತ್ತಿನ ಮಾರ್ಗಸೂಚಿಗಳು ಸಮುದಾಯದ ಮುಖಂಡರ ಅನುಮತಿಯನ್ನು ಗೌರವಿಸುತ್ತವೆ. ಆದರೆ ಅದು ವ್ಯಕ್ತಿಯ ಸಮ್ಮತಿಗೆ ಬದಲಿಯಾಗಲಾರದೆಂದು ಹೇಳುತ್ತವೆ. ಹಿರಿಯರ ಅನುಮತಿಯಿಂದ ಸಂಶೋಧಕನಿಗೆ ಊರೊಳಗೆ ಬಂದು ಜನರನ್ನು ಕೇಳುವ ಅವಕಾಶ ದೊರೆಯುತ್ತದೆ, ಅಷ್ಟೆ. ಹೂಂ ಎನ್ನುವುದೂ ಊಹೂಂ ಎನ್ನುವುದೂ ಪ್ರತಿಯೊಬ್ಬರ ಸ್ವಂತ ಹಕ್ಕು. ಇಲ್ಲವೆಂದ ಕಾರಣಕ್ಕೆ ಆಸ್ಪತ್ರೆಯ ಎಂದಿನ ಚಿಕಿತ್ಸೆಯಲ್ಲಿ ಕಿಂಚಿತ್ತೂ ಕೊರತೆಯಾಗಕೂಡದು.

ಪ್ರಸಾದನಿಲಯಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ರಕ್ತಹೀನತೆ, ಪೌಷ್ಟಿಕತೆ, ಯೋಗಾಭ್ಯಾಸ ಮುಂತಾದ ವಿಷಯಗಳ ಅಧ್ಯಯನಕ್ಕೆ ಒಂದೇ ಕಡೆ ನೂರಾರು ಮಕ್ಕಳು ಸಿಗುವ ನಿಲಯಗಳು ಸಂಶೋಧಕರಿಗೆ ಅನುಕೂಲಕರವಾಗಿ ಕಾಣುತ್ತವೆ. ಅಧ್ಯಯನ ನಡೆಯಬಾರದೆಂದಲ್ಲ, ಮಕ್ಕಳಿಗೇ ಉಪಯೋಗವಾಗುವ ಒಳ್ಳೆಯ ಅಧ್ಯಯನಗಳೂ ಇವೆ. ಆದರೆ ಖಮ್ಮಂನ ಪ್ರಸಂಗವನ್ನು ನೆನಪಿಡಬೇಕು. ನಿಲಯದ ಮೇಲ್ವಿಚಾರಕರ ಸಹಿ ತಂದೆತಾಯಿಯರ ಸಹಿಯಾಗಲಾರದು. ಊರಿಗೆ ಪತ್ರ ಕಳುಹಿಸಿಯೋ, ಪಾಲಕರ ಸಭೆ ಕರೆದೋ ಅವರಿಗೆ ವಿವರಿಸಿ ಸಮ್ಮತಿ ಪಡೆಯಬೇಕು. ಅದರ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. 2017ರ ಮಾರ್ಗಸೂಚಿಗಳ ಪ್ರಕಾರ 7ರಿಂದ 12 ವರ್ಷದ ಮಕ್ಕಳಿಂದ ಪಾಲಕರ ಎದುರಿನಲ್ಲಿ ಬಾಯಿಮಾತಿನ ಒಪ್ಪಿಗೆಯನ್ನೂ, 12ರಿಂದ 18 ವರ್ಷದವರಿಂದ ಬರವಣಿಗೆಯ ಒಪ್ಪಿಗೆಯನ್ನೂ ಪಡೆಯಬೇಕಾಗಿದೆ. ಸಾಲಿನಲ್ಲಿ ನಿಂತ ಬಾಲಕನೊಬ್ಬ ರಕ್ತ ಕೊಡಲು ಒಲ್ಲೆನೆಂದರೆ ಅವನನ್ನು ಗದರಿಸದೆ ಬಿಟ್ಟುಬಿಡಬೇಕು.

ಸಹಿ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಪತ್ರವನ್ನು ಮನೆಗೆ ಒಯ್ದು, ಮನೆಯವರಿಗೆ ತೋರಿಸಿ, ಯೋಚಿಸಿ ತಿಳಿಸುತ್ತೇನೆಂದು ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕೆಳಗಿನ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯಬೇಕು.

1. ಇದು ನನ್ನ ಚಿಕಿತ್ಸೆಯೋ, ಸಂಶೋಧನೆಯೋ? ಸಂಶೋಧನೆಯಾದರೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ?

2. ಎಷ್ಟು ದಿನ, ಎಷ್ಟು ಬಾರಿ ಬರಬೇಕು? ರಕ್ತ ಪರೀಕ್ಷೆ ಎಷ್ಟು ಸಲ? ಅದರ ಖರ್ಚು ಯಾರದು?

3. ಗುಂಪುಗಳಿವೆಯೇ? ಔಷಧಾಂಶವಿಲ್ಲದ ಮಾತ್ರೆ ನನಗೆ ಬರುವ ಸಾಧ್ಯತೆ ಇದೆಯೇ?

4. ಈಗ ಸೇವಿಸುತ್ತಿರುವ ಔಷಧವನ್ನು ನಿಲ್ಲಿಸಬೇಕೇ? ನಿಲ್ಲಿಸಿದರೆ ಏನಾಗಬಹುದು?

5. ಏನೇನು ತೊಂದರೆಯಾಗಬಹುದು? ಆದರೆ ಚಿಕಿತ್ಸೆ ಮತ್ತು ಪರಿಹಾರ ಕೊಡುವವರು ಯಾರು? ರಾತ್ರಿ ವೇಳೆ ಯಾರಿಗೆ ಫೋನ್ ಮಾಡಬೇಕು?

6. ಸೇರದಿದ್ದರೆ ಇದೇ ರೋಗಕ್ಕೆ ಬೇರೆ ಯಾವ ಚಿಕಿತ್ಸೆ ಲಭ್ಯವಿದೆ?

7. ನನ್ನ ಹೆಸರು, ಭಾವಚಿತ್ರ, ರೋಗದ ವಿವರಗಳು ಗೌಪ್ಯವಾಗಿರುತ್ತವೆಯೇ?

8. ನೈತಿಕ ಸಮಿತಿಯ ಒಪ್ಪಿಗೆ ದೊರೆತಿದೆಯೇ? ಅದರ ಕಾರ್ಯದರ್ಶಿಯನ್ನು ಸಂಪರ್ಕಿಸುವುದು ಹೇಗೆ? ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಯಾವುದು?

ಕೊನೆಯ ಪ್ರಶ್ನೆಯ ಬಗ್ಗೆ ಒಂದು ವಿವರಣೆ. 2007ರ ಜುಲೈಯಲ್ಲಿ ಆರಂಭವಾದ ಈ ನೋಂದಣಿ ಪುಸ್ತಕವನ್ನು ಸಂಶೋಧನಾ ಪರಿಷತ್ತು ಅಂತರ್ಜಾಲದಲ್ಲಿ ನಿರ್ವಹಿಸುತ್ತದೆ. ಆಯುರ್ವೇದದ ಅಧ್ಯಯನಗಳೂ ಸ್ನಾತಕೋತ್ತರ ಪ್ರಬಂಧಗಳ ಪ್ರಯೋಗಗಳೂ ಇಲ್ಲಿ ನೋಂದಣಿಯಾಗುತ್ತವೆ. 2018ರ ಏಪ್ರಿಲ್ 1ರಿಂದ, ಮೊದಲ ಭಾಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಿದ ಪ್ರಯೋಗಗಳಿಗೆ ಮಾತ್ರ ಅಲ್ಲಿ ಸ್ಥಾನವಿದೆ. ಸಂಖ್ಯೆ ತಿಳಿದರೆ ಮನೆಯ ಓದಿದ ಮಕ್ಕಳು ಮೊಬೈಲಿನಲ್ಲಿಯೇ ವಿವರಗಳನ್ನು ಉಚಿತವಾಗಿ ನೋಡಬಹುದು.

ಓದಲು ಬಾರದವರಿಗೆ ಪತ್ರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಜೊತೆಯಲ್ಲಿದ್ದು ಸಹಿ ಮಾಡಬೇಕು. ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿದ ಪತ್ರದ ಒಂದು ಪ್ರತಿಯನ್ನು ತಪ್ಪದೆ ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಬೇಕು. ಸಹಿ ಮಾಡಿದ ಮೇಲೂ ಯಾವಾಗ ಬೇಕಾದರೂ, ಕಾರಣ ಹೇಳದೆಯೇ, ಅಧ್ಯಯನದಿಂದ ಹೊರಬರಬಹುದು.

ಭಾಗಿಗಳ ಕರ್ತವ್ಯ

ಹಕ್ಕಿನ ಜೊತೆಗೆ ಹೊಣೆಯೂ ಇದೆ. ಸೇರಲು ಒಪ್ಪಿದ ಮೇಲೆ ಸತ್ಯವನ್ನೇ ಹೇಳಬೇಕು. ಬೇರೆ ಔಷಧ ಸೇವಿಸುತ್ತಿದ್ದರೆ, ಪಥ್ಯ ತಪ್ಪಿದ್ದರೆ, ಕೊಟ್ಟ ಕಷಾಯವನ್ನು ಕುಡಿಯದೆ ಚೆಲ್ಲಿದ್ದರೆ ಮುಚ್ಚಿಡಬಾರದು. ವೈದ್ಯರಿಗೆ ಬೇಸರವಾದೀತೆಂದು "ನೋವು ಕಡಿಮೆಯಾಗಿದೆ" ಎಂದು ಸುಳ್ಳು ಹೇಳುವ ದಾಕ್ಷಿಣ್ಯ ನಮ್ಮ ಜನರಲ್ಲಿ ಹೆಚ್ಚು. ಆ ಸುಳ್ಳು ಪಟ್ಟಿಯಲ್ಲಿ ಅಂಕಿಯಾಗಿ ಸೇರಿ, ಗುಣವಿಲ್ಲದ ಔಷಧಕ್ಕೆ ಗುಣವಿದೆಯೆಂಬ ಕೀರ್ತಿ ತಂದು, ಮುಂದೆ ಎಷ್ಟೋ ರೋಗಿಗಳನ್ನು ದಾರಿ ತಪ್ಪಿಸಬಹುದು. ಗುಣವಾಗದಿದ್ದರೆ ಗುಣವಾಗಲಿಲ್ಲವೆಂದೇ ಹೇಳಬೇಕು. ಹೊರಬರಬೇಕೆನಿಸಿದರೆ ಸುಮ್ಮನೆ ಬಾರದೆ ನಿಲ್ಲುವ ಬದಲು ತಿಳಿಸಿ ಹೊರಬರುವುದು ಉತ್ತಮ. ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಆಗಬಹುದಾದ ತೊಂದರೆಯನ್ನು ವೈದ್ಯರು ಆಗ ತಪ್ಪಿಸಬಲ್ಲರು.

ವೈದ್ಯ ವಿದ್ಯಾರ್ಥಿಗಳಿಗೂ ನಮ್ಮ ಕೋರಿಕೆಯಿದೆ. ಪ್ರಬಂಧ ಮುಗಿಸುವ ಅವಸರದಲ್ಲಿ ಸಮ್ಮತಿಯನ್ನು ಕಾಗದದ ಕೆಲಸವೆಂದು ಬಗೆಯಬಾರದು. ಹತ್ತು ನಿಮಿಷ ಹೆಚ್ಚು ಕುಳಿತು ವಿವರಿಸಿ, "ನಾನು ಹೇಳಿದ್ದನ್ನು ತಾವು ಒಮ್ಮೆ ಹೇಳಿ ನೋಡೋಣ" ಎಂದು ರೋಗಿಯ ಬಾಯಿಂದಲೇ ಕೇಳಿದರೆ, ಅರ್ಥವಾಗಿದೆಯೋ ಇಲ್ಲವೋ ತಾನಾಗಿ ತಿಳಿಯುತ್ತದೆ. ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಭಾಗಿಗಳಿಗೆ ಸರಳ ಕನ್ನಡದಲ್ಲಿ ತಿಳಿಸುವುದೂ ಸೌಜನ್ಯ. ತಮ್ಮ ಮಂಡಿನೋವಿನಿಂದ ಜಗತ್ತು ಏನನ್ನು ಕಲಿಯಿತು ಎಂದು ತಿಳಿಯುವ ಹಕ್ಕು ಅವರಿಗಿದೆ. ಹೀಗೆ ತಿಳಿದು, ಯೋಚಿಸಿ, ಬೇಕೆನಿಸಿದರೆ ಮಾತ್ರ ಭಕ್ತಾದಿಗಳು ಇಂತಹ ಅಧ್ಯಯನಗಳಲ್ಲಿ ಸೇರಲಿ. ಸೇರಿದವರ ನೆರವಿನಿಂದ ನಮ್ಮ ವೈದ್ಯಪದ್ಧತಿ ಇನ್ನಷ್ಟು ಪರೀಕ್ಷಿತವಾಗಿ, ನಂಬಲರ್ಹವಾಗಿ ಬೆಳೆಯಲಿ ಎಂಬುದು ನಮ್ಮ ಆಶಯ.